ಸ್ಟಾಕ್ಟನ್ ಆಗಿ ಆಡಿದ ಮಳೆಗಾಲ

ಎನ್‌ಬಿಎ ಜಾಮ್ ಅನ್ನುವ ಬಾಸ್ಕೆಟ್‌ಬಾಲ್ ವಿಡಿಯೋ ಗೇಮಿನಲ್ಲಿ ಒಟ್ಟು 27 ತಂಡಗಳಿವೆ. (ಎನ್‌ಬಿಎ ಅಂದರೆ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್.) ಒಂದೊಂದನ್ನೇ ಸೋಲಿಸುತ್ತ ಹೋಗಬೇಕು. ಶುರುವಿನಲ್ಲಿ ಸಲೀಸಾಗಿ ಗೆಲ್ಲಬಹುದು. ಕೊನೆ ಕೊನೆಗೆ ಕಂಪ್ಯೂಟರ್ ಎಷ್ಟು ಗಟ್ಟಿಯಾಗುತ್ತದೆ ಅಂದರೆ ಚೆಂಡು ಮುಟ್ಟುವುದೇ ದೊಡ್ಡ ಕೆಲಸ. ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ನಾನೂ ನಮ್ಮಣ್ಣನೂ ಈ ಆಟವನ್ನು ವರ್ಷಗಟ್ಟಲೆ ಆಡಿದೆವು. ಆದರೆ 27 ತಂಡಗಳನ್ನು ಮುಗಿಸುವುದು ಆಗಲೇ ಇಲ್ಲ. ಪರೀಕ್ಷೆ ಬಂತು, ಕಾಲೇಜು ಬಂತು, ಯಂತ್ರ ಅಟ್ಟ ಸೇರಿತು.

ಈ ಮಳೆಗಾಲದಲ್ಲಿ ಹುಬ್ಬಳ್ಳಿಯ ಗೋಕುಲ ರೋಡಿನ ನಮ್ಮ ಮನೆಯಲ್ಲಿ ಕೂತು ಅದನ್ನು ಮುಗಿಸಿದೆ. ಬರೀ ಮುಗಿಸಿದ್ದಷ್ಟೇ ಅಲ್ಲ. ಸವಾಲುಗಳ ಪಟ್ಟಿ ಇಟ್ಟುಕೊಂಡು, ಒಂದೊಂದಕ್ಕೂ ಟಿಕ್ ಹಾಕುತ್ತ ಆಡಿದೆ. ನಾನು ಲೆಕ್ಕಪತ್ರ ಬರೆಯುವ ಕೆಲಸದವಳು. ಟಿಕ್ ಹಾಕುವುದರಲ್ಲಿ ನನಗೆ ಸಿಗುವ ಖುಷಿ ಬೇರೆಯವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಎನ್‌ಬಿಎ ಜಾಮ್ 1993ರಲ್ಲಿ ಅಮೆರಿಕದ ಮಿಡ್‌ವೇ ಕಂಪನಿ ಮಾಡಿದ ಆರ್ಕೇಡ್ ಆಟ, ಅಂದರೆ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವಂಥದ್ದು. ಮಾರ್ಕ್ ಟರ್ಮೆಲ್ ಎಂಬವರು ಅದನ್ನು ಮಾಡಿದ ತಂಡದ ಮುಂದಾಳು. ಮನೆಯಲ್ಲಿ ಆಡುವ ಯಂತ್ರಗಳಿಗೆ 1994ರ ಮಾರ್ಚ್ 4ರಂದು ಬಂತು. ಬಾಸ್ಕೆಟ್‌ಬಾಲ್ ಅಂದರೆ ಐದು ಜನಕ್ಕೆ ಐದು ಜನ. ಇಲ್ಲಿ ಇಬ್ಬರಿಗೆ ಇಬ್ಬರು ಮಾತ್ರ. ದೂಡಿದರೂ ಕೆಡವಿದರೂ ಫೌಲ್ ಇಲ್ಲ. ಆಟಗಾರರು ಮಾಳಿಗೆ ಎತ್ತರಕ್ಕೆ ಹಾರಿ ಡಂಕ್ ಹೊಡೆಯುತ್ತಾರೆ, ಅಂದರೆ ಚೆಂಡನ್ನು ಕೈಯಾರೆ ಬಾಸ್ಕೆಟ್ಟಿನೊಳಗೆ ತುರುಕುತ್ತಾರೆ. ಒಬ್ಬನೇ ಆಟಗಾರ ಸತತ ಮೂರು ಬಾಸ್ಕೆಟ್ ಹಾಕಿದರೆ ಚೆಂಡಿಗೆ ಬೆಂಕಿ ಹತ್ತುತ್ತದೆ. ಎರಡು ಹಾಕಿದಾಗಲೇ ಕಾಮೆಂಟರಿಯ ಟಿಮ್ ಕಿಟ್ಜ್‌ರೋ ‘ಹೀ ಈಸ್ ಹೀಟಿಂಗ್ ಅಪ್’ ಅನ್ನುತ್ತಾನೆ. ಮೂರನೆಯದಕ್ಕೆ ‘ಹೀ ಈಸ್ ಆನ್ ಫೈರ್’. ನಮ್ಮ ಓಣಿಯ ಹುಡುಗರೆಲ್ಲ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂಗಿ ಹೇಳಿದ ಮೊದಲ ವಾಕ್ಯ ಅದೇ ಇರಬೇಕು.

ನಮಗೆ ಈ ಆಟ ಸಿಕ್ಕಿದ್ದು ಮಸ್ಕತ್‌ನಲ್ಲಿದ್ದ ಕಾಕಾನಿಂದ. ರಜೆಗೆ ಬಂದಾಗ ಸೆಗಾ ಮೆಗಾ ಡ್ರೈವ್ ಅನ್ನುವ ವಿಡಿಯೋ ಗೇಮ್ ಯಂತ್ರ ತಂದಿದ್ದ. ಜೊತೆಗೆ ನಾಲ್ಕೈದು ಕ್ಯಾಸೆಟ್. ಹೌದು, ಕಾರ್ಟ್ರಿಡ್ಜ್‌ಗೆ ನಾವೆಲ್ಲ ಕ್ಯಾಸೆಟ್ ಅಂತಲೇ ಅನ್ನುತ್ತಿದ್ದೆವು. ಧಾರವಾಡದ ಮಳೆ ಗೊತ್ತಲ್ವಾ? ಜೂನ್‌ನಲ್ಲಿ ಹಿಡಿದರೆ ಆಗಸ್ಟ್‌ವರೆಗೆ ಜಿಟಿಜಿಟಿ ಜಿಟಿಜಿಟಿ. ಹೊರಗೆ ಆಡುವ ಮಾತೇ ಇಲ್ಲ. ಪಕ್ಕದ ಮನೆಯ ಇಬ್ಬರು, ಹಿಂದಿನ ವಠಾರದವರು, ಎಲ್ಲರೂ ಒದ್ದೆ ಕಾಲಲ್ಲೇ ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು. ಅವ್ವ ಒಂದು ಹರಕು ಗೋಣಿಚೀಲ ಬಾಗಿಲಲ್ಲಿ ಹಾಸಿ, ‘ಕಾಲು ಒರಸಿಕೊಂಡು ಬರ್ರಿ, ಇಲ್ಲಾಂದ್ರ ಟಿವಿ ಬಂದ್’ ಅನ್ನುತ್ತಿದ್ದಳು.

ನಾನೂ ಅಣ್ಣನೂ ಆಡುವಾಗ ನಮ್ಮ ತಂಡ ಯಾವಾಗಲೂ ಯೂಟಾ ಜಾಜ್. ಅದರಲ್ಲಿ ಇಬ್ಬರು: ಕಾರ್ಲ್ ಮಲೋನ್, ಜಾನ್ ಸ್ಟಾಕ್ಟನ್. ಮಲೋನ್ ಗಟ್ಟಿಮುಟ್ಟು ಆಳು, ಡಂಕ್ ಹೊಡೆಯಲು ಹುಟ್ಟಿದವನು. ಸ್ಟಾಕ್ಟನ್ ಚುರುಕು, ಆದರೆ ಡಂಕ್‌ನಲ್ಲಿ ಹಿಂದೆ. ಮಲೋನ್ ನನಗೆ, ಸ್ಟಾಕ್ಟನ್ ಅಣ್ಣನಿಗೆ. ಇದು ಯಾರೂ ಕೂತು ಹಂಚಿದ್ದಲ್ಲ. ಮೊದಲ ದಿನ ಹಾಗೆ ಆಯಿತು, ಆಮೇಲೆ ಹಾಗೇ ನಡೆಯಿತು. ‘ಕೊಡು, ಕೊಡು, ನಾ ಖಾಲಿ ಅದೀನಿ’ ಅಂತ ನಾನು ಚೀರುತ್ತಿದ್ದೆ. ಅವನು ಕೊಡುತ್ತಿದ್ದ. ನಾನು ಹಾರಿ ಹೊಡೆಯುತ್ತಿದ್ದೆ. ಹುಡುಗರು ನನಗೆ ಚಪ್ಪಾಳೆ ಹೊಡೆಯುತ್ತಿದ್ದರು.

ಇನ್ನು ಈ ಸವಾಲುಗಳ ವಿಷಯ. ರೆಟ್ರೋಅಚೀವ್‌ಮೆಂಟ್ಸ್ ಅನ್ನುವುದು 2012ರಿಂದ ಇಂಟರ್‌ನೆಟ್‌ನಲ್ಲಿ ನಡೆಯುತ್ತಿರುವ ಒಂದು ಏರ್ಪಾಡು. ಹಳೆಯ ಆಟಗಳಿಗೆ ಹೊಸ ಸವಾಲುಗಳನ್ನು, ಅಂದರೆ ಅಚೀವ್‌ಮೆಂಟ್‌ಗಳನ್ನು, ಸೇರಿಸುತ್ತಾರೆ. ಪುಕ್ಕಟೆ. ಸವಾಲು ಬರೆಯುವವರೆಲ್ಲ ಸ್ವಂತ ಆಸಕ್ತಿಯಿಂದ, ಸಂಬಳ ಇಲ್ಲದೆ ಕೆಲಸ ಮಾಡುವವರು. ಹಳೆಯ ಆಟಕ್ಕೆ ಅಚೀವ್‌ಮೆಂಟ್ ಅಂದರೇನು ಅಂತಲೇ ಗೊತ್ತಿಲ್ಲ. ಹಾಗಿದ್ದರೆ ಸವಾಲು ಗೆದ್ದದ್ದು ಯಾರಿಗೆ ಹೇಗೆ ತಿಳಿಯುತ್ತದೆ? ಇದನ್ನು ತಿಳಿದುಕೊಂಡಾಗ ನನಗೆ ನಿಜಕ್ಕೂ ರೋಮಾಂಚನವಾಯಿತು.

ಮೆಗಾ ಡ್ರೈವ್‌ನ ಮುಖ್ಯ ಮೆಮೊರಿ ಬರೀ 64 ಕಿಲೋಬೈಟ್. ಆಟ ನಡೆಯುವಾಗ ಅದರಲ್ಲಿ ಎಲ್ಲವೂ ಇರುತ್ತದೆ. ಸ್ಕೋರ್ ಒಂದು ಜಾಗದಲ್ಲಿ, ಗಡಿಯಾರ ಇನ್ನೊಂದು ಜಾಗದಲ್ಲಿ, ಚೆಂಡು ಯಾರ ಕೈಯಲ್ಲಿದೆ ಅನ್ನುವುದು ಮತ್ತೊಂದು ಜಾಗದಲ್ಲಿ. ಸವಾಲು ಬರೆಯುವವರು ಮೊದಲು ಆ ಜಾಗಗಳನ್ನು ಹುಡುಕಬೇಕು. ಒಂದು ಬಾಸ್ಕೆಟ್ ಹಾಕಿ ಯಾವ ಸಂಖ್ಯೆ ಎರಡರಿಂದ ಹೆಚ್ಚಾಯಿತು ಅಂತ ನೋಡುವುದು. ಮತ್ತೆ ಹಾಕುವುದು, ಮತ್ತೆ ನೋಡುವುದು. ಹುಡುಕಿದ ಮೇಲೆ ಷರತ್ತು ಬರೆಯುತ್ತಾರೆ. ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದಂತೆ ನಡೆಯುವ ಕಂಪ್ಯೂಟರ್ ಪ್ರೋಗ್ರಾಮ್, ಪರದೆಯ ಪ್ರತಿ ಚಿತ್ರಕ್ಕೂ (ಫ್ರೇಮಿಗೂ) ಆ ಷರತ್ತನ್ನು ಪರೀಕ್ಷಿಸುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 60 ಸಲ. ಹಿಂದಿನ ಫ್ರೇಮಿನಲ್ಲಿ ಸ್ಕೋರ್ ಎಷ್ಟಿತ್ತು, ಈಗ ಎಷ್ಟಿದೆ, ಅದೇ ಹೊತ್ತಿಗೆ ಗಡಿಯಾರ ಎಷ್ಟು ತೋರಿಸುತ್ತಿದೆ, ಎಲ್ಲ ತಾಳೆಯಾದರೆ ಮೂಲೆಯಲ್ಲಿ ಚಿಕ್ಕ ಚಿತ್ರ ಮೂಡುತ್ತದೆ. ನಾವು ತಿಂಗಳ ಕೊನೆಗೆ ಪಾಸ್‌ಬುಕ್ಕನ್ನೂ ಲೆಡ್ಜರನ್ನೂ ಎದುರುಬದುರು ಇಟ್ಟು ತಾಳೆ ನೋಡುತ್ತೇವಲ್ಲ, ಹಾಗೆಯೇ.

ಎಲ್ಲೋ ಕೂತ ಯಾರೋ ಒಬ್ಬರು, ಮೂವತ್ತು ವರ್ಷ ಹಳೆಯ ಆಟದ ಹೊಟ್ಟೆಯೊಳಗೆ ಕೈ ಹಾಕಿ ಒಂದೊಂದೇ ಸಂಖ್ಯೆ ಹುಡುಕಿದ್ದಾರೆ. ಇದಕ್ಕಿಂತ ದೊಡ್ಡ ಅಭಿಮಾನ ಏನಿದೆ ಹೇಳಿ.

ರೆಟ್ರೋಅಚೀವ್‌ಮೆಂಟ್ಸ್‌ನಲ್ಲಿ ಆಡಲು ಎರಡು ಬಗೆ ಇದೆ. ಸಾಫ್ಟ್‌ಕೋರ್‌ನಲ್ಲಿ ನಡುವೆ ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ತಪ್ಪಿದರೆ ಹಿಂದಕ್ಕೆ ಹೋಗಬಹುದು. ಹಾರ್ಡ್‌ಕೋರ್‌ನಲ್ಲಿ ಅದೆಲ್ಲ ಬಂದ್. ಸೇವ್ ಸ್ಟೇಟ್ ಲೋಡ್ ಮಾಡುವಂತಿಲ್ಲ, ಆಟ ನಿಧಾನ ಮಾಡುವಂತಿಲ್ಲ, ಚೀಟ್ ಹಾಕುವಂತಿಲ್ಲ. ನಾನು ಹಾರ್ಡ್‌ಕೋರ್ ಆರಿಸಿಕೊಂಡೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬಾಸ್ಕೆಟ್‌ಬಾಲ್ ಆಟದಲ್ಲಿ ಗಡಿಯಾರ ಹಿಂದಕ್ಕೆ ತಿರುಗಿದರೆ ಅದು ಬಾಸ್ಕೆಟ್‌ಬಾಲ್ ಆಗಿ ಉಳಿಯುವುದಿಲ್ಲ. ಇನ್ನೇನು ಸಮಯ ಮುಗಿಯುತ್ತದೆ ಅನ್ನುವ ಒತ್ತಡವೇ ಅದರ ಜೀವ.

ಶುರು ಮಾಡಿದ ಮೊದಲ ವಾರ ಏನೋ ಸರಿ ಇಲ್ಲ ಅನ್ನಿಸುತ್ತಿತ್ತು. ಆಟ ನನ್ನ ಕೈಗಿಂತ ಮುಂದೆ ಓಡುತ್ತಿತ್ತು. ಬ್ಲಾಕ್ ಮಾಡಲು, ಅಂದರೆ ಎದುರಾಳಿಯ ಎಸೆತ ತಡೆಯಲು, ಹಾರಿದರೆ ಚೆಂಡು ಆಗಲೇ ದಾಟಿ ಹೋಗಿರುತ್ತಿತ್ತು. ವಯಸ್ಸಾಯಿತು ಅಂತ ಅಣ್ಣ ನಕ್ಕ. ವಯಸ್ಸಿನ ಮಾತೇ ಅಲ್ಲ. ನಮ್ಮ ಮನೆಯ ಆ ಮೆಗಾ ಡ್ರೈವ್ ಪಾಲ್ ಅನ್ನುವ ಟಿವಿ ಪದ್ಧತಿಯದು, 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಫ್ರೇಮ್. ಈಗ ನಾನು ಆಡುತ್ತಿರುವುದು ಅಮೆರಿಕದ ಆವೃತ್ತಿ, 60 ಹರ್ಟ್ಸ್. ಆಗಿನ ಎಷ್ಟೋ ಆಟಗಳನ್ನು ಪಾಲ್ ಯಂತ್ರಕ್ಕೆ ಸರಿಹೊಂದಿಸದೆ ಹಾಗೇ ಬಿಡುತ್ತಿದ್ದರು. ಹಾಗೆ ಬಿಟ್ಟರೆ ಆರು ಹೆಜ್ಜೆ ಹಾಕುವ ಹೊತ್ತಿಗೆ ಐದು ಹೆಜ್ಜೆ ಆಗುತ್ತದೆ. ಮಾಳಮಡ್ಡಿಯ ಪಡಸಾಲೆಯಲ್ಲಿ ನನ್ನ ಬೆರಳಿಗೆ ಅಂಟಿದ ಲಯವನ್ನು ಬಿಡಿಸಿಕೊಂಡು ಹೊಸದನ್ನು ಕಲಿಯಬೇಕಾಯಿತು. ಅದು ನಿಧಾನವಾಗಿ ಬಂತು. ಬಂದ ಮೇಲೆ ಆಟ ಎಷ್ಟು ಚೆಂದ ಕಾಣಿಸಿತು ಅಂದರೆ, ಇಷ್ಟು ದಿನ ಇದನ್ನು ಮಂಜಿನಲ್ಲಿ ನೋಡುತ್ತಿದ್ದೆನಾ ಅನ್ನಿಸಿತು.

ಮಳೆ, ಗಾಳಿ, ಕರೆಂಟು. ಇದು ಇನ್ನೊಂದು ಕಥೆ. ಹಾರ್ಡ್‌ಕೋರ್‌ನಲ್ಲಿ ಪಂದ್ಯದ ನಡುವೆ ಕರೆಂಟ್ ಹೋದರೆ ಪಂದ್ಯ ಹೋಯಿತು. ಒಂದು ಪಂದ್ಯ ಅಂದರೆ ಮೂರು ಮೂರು ನಿಮಿಷದ ನಾಲ್ಕು ಕ್ವಾರ್ಟರ್. ಮೊದಲಲ್ಲಿ ಮೂರು ಅಕ್ಷರದ ಇನಿಷಿಯಲ್ಸ್ ಕೊಟ್ಟಿರುತ್ತೇವೆ. ಗೆದ್ದ ತಂಡಗಳ ಲೆಕ್ಕ ಆ ಹೆಸರಿನಲ್ಲಿ ಉಳಿಯುತ್ತದೆ. ಆದರೆ ಅರ್ಧ ಆಡಿದ್ದು ಉಳಿಯುವುದಿಲ್ಲ. ಕೊನೆಗೆ ಆಫೀಸಿನ ಹಳೆಯ ಯುಪಿಎಸ್ ಒಂದನ್ನು ಮನೆಗೆ ತಂದು, ಬ್ಯಾಟರಿ ಬದಲಿಸಿ ಇಟ್ಟುಕೊಂಡೆ. ಆಮೇಲೆ ನೆಮ್ಮದಿ.

ರೆಟ್ರೋಅಚೀವ್‌ಮೆಂಟ್ಸ್‌ನ ಪಟ್ಟಿ ಸಾಲದು ಅಂತ ನಾನೂ ಅಣ್ಣನೂ ಫೋನಿನಲ್ಲಿ ಮಾತಾಡಿ ನಮ್ಮದೇ ಒಂದು ಪಟ್ಟಿ ಮಾಡಿದೆವು. ಅಣ್ಣ ಈಗ ಗದಗ-ಬೆಟಗೇರಿಯಲ್ಲಿ ಸೀರೆ ಅಂಗಡಿ ನಡೆಸುತ್ತಾನೆ. ಗಿರಾಕಿ ಇಲ್ಲದ ಮಧ್ಯಾಹ್ನ ಫೋನ್ ಮಾಡುತ್ತಾನೆ. ಅವನ ತಲೆಯಲ್ಲಿ ಸವಾಲುಗಳಿಗೆ ಬರವಿಲ್ಲ. ಎದುರಾಳಿಗೆ ಒಂದು ಸಲವೂ ಬೆಂಕಿ ಹತ್ತದಂತೆ ಪಂದ್ಯ ಮುಗಿಸು. ಅರ್ಧ ಅಂಗಳದ ಆಚೆಯಿಂದ ಕೊನೆಯ ಸೆಕೆಂಡಿಗೆ ಎಸೆದು ಹಾಕು. ಇಂಥವು ಬೇಗ ಮುಗಿದವು. ಎರಡನೆಯದು ಮುಕ್ಕಾಲು ಅದೃಷ್ಟ, ಅದರ ಬಗ್ಗೆ ಹೇಳಲು ಏನೂ ಇಲ್ಲ.

‘ಒಂದು ಸಲವೂ ದೂಡದೆ ಗೆಲ್ಲು’ ಅನ್ನುವುದು ಬೇರೆ ಮಾತು. ಈ ಆಟದಲ್ಲಿ ಚೆಂಡು ಕಸಿಯುವ ಸುಲಭ ದಾರಿ ಅಂದರೆ ಟರ್ಬೋ (ವೇಗ ಹೆಚ್ಚಿಸುವ ಬಟನ್) ಒತ್ತಿ ಎದುರಾಳಿಯನ್ನು ಕೆಡವುವುದು. ಚಿಕ್ಕಂದಿನಲ್ಲಿ ನಾವು ಮಾಡಿದ್ದು ಅದೊಂದೇ. ಅದನ್ನು ಬಿಟ್ಟರೆ ಏನು ಉಳಿಯುತ್ತದೆ? ಮೊದಲು ಎದುರಾಳಿ ಓಡುವ ದಾರಿ ಊಹಿಸಬೇಕು. ಅವನಿಗೂ ಬಾಸ್ಕೆಟ್ಟಿಗೂ ನಡುವೆ ಬಂದು ನಿಲ್ಲಬೇಕು. ಅವನು ಹಾರಿದ ಮೇಲೆ ಹಾರಿದರೆ ತಡ, ಮೊದಲೇ ಹಾರಿದರೆ ಅವನು ಹೊಡೆಯುವ ಹೊತ್ತಿಗೆ ನಾವು ಕೆಳಗೆ ಬಂದಿರುತ್ತೇವೆ. ಚೆಂಡು ಮೇಲೇರುತ್ತಿರುವಾಗ ಮುಟ್ಟಬೇಕು. ಕೆಳಗಿಳಿಯುವಾಗ ಮುಟ್ಟಿದರೆ ಗೋಲ್‌ಟೆಂಡಿಂಗ್, ಅವರಿಗೆ ಪಾಯಿಂಟ್. ದೂಡಿದರೂ ತಪ್ಪಿಲ್ಲದ ಈ ಆಟದಲ್ಲೂ ಗೋಲ್‌ಟೆಂಡಿಂಗ್ ತಪ್ಪೇ, ನೋಡಿ. ಅದನ್ನು ಉಳಿಸಿಕೊಂಡಿದ್ದಕ್ಕೇ ಬ್ಲಾಕ್‌ಗೆ ಬೆಲೆ ಇದೆ. ರಾಕೆಟ್ಸ್ ತಂಡದ ಹಕೀಮ್ ಒಲಾಜುವಾನ್ ಎದುರಿಗೆ ಈ ಸವಾಲು ಮುಗಿಸಿದ ರಾತ್ರಿ ಎದ್ದು ನಿಂತು ಕೈ ಎತ್ತಿದ್ದೆ. ಮಗಳು ನಿದ್ದೆಗಣ್ಣಲ್ಲಿ ಬಂದು ಏನಾಯಿತು ಅಂತ ಕೇಳಿದಳು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಅಣ್ಣ ಕೊನೆಗೆ ಸೇರಿಸಿದ ಸವಾಲು. ‘ನೀ ಸ್ಟಾಕ್ಟನ್ ತಗೊ. ಕಂಪ್ಯೂಟರಿಗೆ ಮಲೋನ್ ಕೊಡು. ಮಲೋನ್‌ಗ ಬೆಂಕಿ ಹಚ್ಚು.’

ಕೇಳಲು ಸರಳ. ಒಬ್ಬಳೇ ಆಡುವಾಗ ಜೊತೆಗಾರನನ್ನು ಕಂಪ್ಯೂಟರ್ ನಡೆಸುತ್ತದೆ. ಚೆಂಡು ಅವನ ಕೈಯಲ್ಲಿದ್ದಾಗ ನಾನು ಶೂಟ್ ಬಟನ್ ಒತ್ತಿದರೆ ಅವನು ಹೊಡೆಯುತ್ತಾನೆ, ಪಾಸ್ ಒತ್ತಿದರೆ ನನಗೆ ಕೊಡುತ್ತಾನೆ. ಆದರೆ ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಅವನಿಗೆ ಬಿಟ್ಟದ್ದು. ಸತತ ಮೂರು ಅವನೇ ಹಾಕಬೇಕು. ನಡುವೆ ನಾನು ಒಂದು ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ. ಅಂದರೆ ಬಾಸ್ಕೆಟ್ ಎದುರಿಗೆ ಒಬ್ಬಳೇ ನಿಂತಿದ್ದರೂ, ಯಾರೂ ತಡೆಯುವವರಿಲ್ಲದಿದ್ದರೂ ನಾನು ಹೊಡೆಯುವಂತಿಲ್ಲ. ಹಿಂದೆ ತಿರುಗಿ ಮಲೋನ್ ಎಲ್ಲಿದ್ದಾನೆ ಅಂತ ಹುಡುಕಬೇಕು. ಬೆರಳುಗಳು ತಾವಾಗಿಯೇ ಶೂಟ್ ಬಟನ್ ಕಡೆ ಹೋಗುತ್ತಿದ್ದವು. ಅವನ್ನು ಹಿಡಿದಿಡುವುದೇ ದೊಡ್ಡ ಕಷ್ಟ.

ಆಮೇಲೆ ನಿಧಾನಕ್ಕೆ ಕಾಣತೊಡಗಿತು. ಮಲೋನ್‌ಗೆ ಚೆಂಡು ಕೊಟ್ಟರೆ ಸಾಲದು. ಅವನು ಬಾಸ್ಕೆಟ್ ಕಡೆಗೆ ಓಡಲು ಶುರು ಮಾಡಿದ ಆ ಕ್ಷಣಕ್ಕೆ ಕೊಡಬೇಕು. ನಿಂತಾಗ ಕೊಟ್ಟರೆ ದೂರದಿಂದ ಎಸೆಯುತ್ತಾನೆ, ತಪ್ಪುತ್ತದೆ. ಕೊಡುವ ಮುಂಚೆ ನಾನು ಒಂದು ಪಕ್ಕಕ್ಕೆ ಓಡಿದರೆ ಎದುರಾಳಿಗಳಲ್ಲಿ ಒಬ್ಬ ನನ್ನ ಬೆನ್ನು ಹತ್ತುತ್ತಾನೆ. ಕೆಲವು ಸಲ ಇಬ್ಬರೂ ಬರುತ್ತಾರೆ. ಆಗ ಮಲೋನ್ ಪೂರ್ತಿ ಖಾಲಿ. ಆಗ ಪಾಸ್, ಮರುಕ್ಷಣ ಶೂಟ್. ಅವನು ಪರದೆಯ ಮೇಲಂಚು ದಾಟಿ ಹಾರುತ್ತಾನೆ. ಇಳಿಯುವಾಗ ರಿಮ್ ನಡುಗುತ್ತದೆ, ಕಿಟ್ಜ್‌ರೋ ‘ಬೂಮ್‌ಶಕಲಕ’ ಅನ್ನುತ್ತಾನೆ.

ಮತ್ತೆ ಆ ಕಡೆ ಓಡಿ ಎದುರಾಳಿಯ ಚೆಂಡು ಕಸಿಯಬೇಕು. ಕಸಿಯುವುದೂ ನನ್ನ ಕೆಲಸವೇ. ಮತ್ತೆ ಓಡು, ಮತ್ತೆ ಎಳೆದುಕೊಂಡು ಹೋಗು, ಮತ್ತೆ ಕೊಡು. ಮೂರನೆಯದು ಬಿದ್ದಾಗ ಮಲೋನ್ ಕೈಯ ಚೆಂಡಿಗೆ ಬೆಂಕಿ. ಬೆಂಕಿ ಇರುವವರೆಗೆ ಅವನ ಟರ್ಬೋ ಖಾಲಿಯಾಗುವುದಿಲ್ಲ, ಎಲ್ಲಿಂದ ಹೊಡೆದರೂ ಬೀಳುವ ಸಾಧ್ಯತೆ ಹೆಚ್ಚು, ಗೋಲ್‌ಟೆಂಡಿಂಗ್ ಕೂಡ ಲೆಕ್ಕಕ್ಕಿಲ್ಲ. ಎದುರಾಳಿ ಒಂದು ಹಾಕಿದರೆ ಬೆಂಕಿ ಆರುತ್ತದೆ. ಇಲ್ಲಾ ಇವನೇ ಇನ್ನೂ ನಾಲ್ಕು ಸತತ ಹಾಕಿದರೆ ಆರುತ್ತದೆ.

ಅಣ್ಣ ಆ ಮಳೆಗಾಲಗಳಲ್ಲೆಲ್ಲ ಮಾಡುತ್ತಿದ್ದುದು ಇದನ್ನೇ. ನನ್ನ ಪಕ್ಕದಲ್ಲೇ ಕೂತು, ಸದ್ದಿಲ್ಲದೆ. ಎದುರಾಳಿಯನ್ನು ತನ್ನ ಕಡೆ ಎಳೆದುಕೊಂಡು, ನಾನು ಓಡಲು ಶುರು ಮಾಡಿದ ಕ್ಷಣ ನೋಡಿ ಚೆಂಡು ಕೊಡುವುದು. ಹನ್ನೊಂದು ವರ್ಷದ ಹುಡುಗನಿಗೆ ಅದನ್ನು ಯಾರು ಹೇಳಿಕೊಟ್ಟರು? ಫೋನ್ ಮಾಡಿ ಕೇಳಿದೆ. ‘ಹೇಳಿಕೊಡೂದು ಏನೈತಿ, ನೀ ಹೊಡದಾಗ ಹುಡುಗರೆಲ್ಲಾ ಕುಣೀತಿದ್ರು, ನನಗ ಅದ ಛಲೋ ಅನಸ್ತಿತ್ತು’ ಅಂದ. ಅಷ್ಟರಲ್ಲಿ ಗಿರಾಕಿ ಬಂದರು, ಇಟ್ಟ.

ನಿಜವಾದ ಸ್ಟಾಕ್ಟನ್ ಬಗ್ಗೆ ಆಗ ನಮಗೆ ಏನೂ ಗೊತ್ತಿರಲಿಲ್ಲ. ಯೂಟಾ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಈಗ ಓದಿದೆ. ಎನ್‌ಬಿಎ ಇತಿಹಾಸದಲ್ಲೇ ಅತಿ ಹೆಚ್ಚು ಅಸಿಸ್ಟ್ ಕೊಟ್ಟವನು ಅವನು, 15,806. ಅಸಿಸ್ಟ್ ಅಂದರೆ ಇನ್ನೊಬ್ಬ ಬಾಸ್ಕೆಟ್ ಹಾಕುವಂತೆ ಕೊಟ್ಟ ಪಾಸ್. ಚೆಂಡು ಕಸಿದಿದ್ದರಲ್ಲೂ ಅವನೇ ಮೊದಲಿಗ, 3,265. ಮಲೋನ್ ಹಾಕಿದ್ದು 36,928 ಪಾಯಿಂಟ್. ಇಬ್ಬರೂ 1985ರಿಂದ 2003ರವರೆಗೆ ಹದಿನೆಂಟು ಸೀಸನ್ ಒಂದೇ ತಂಡದಲ್ಲಿ ಜೊತೆಗೆ ಆಡಿದರು. 1997 ಮತ್ತು 1998ರಲ್ಲಿ ಫೈನಲ್‌ವರೆಗೆ ಹೋದರು, ಎರಡೂ ಸಲ ಚಿಕಾಗೋ ಬುಲ್ಸ್ ಎದುರು ಸೋತರು. ಆ ಮಲೋನ್‌ನ ಪಾಯಿಂಟುಗಳಲ್ಲಿ ಎಷ್ಟಕ್ಕೆ ಸ್ಟಾಕ್ಟನ್ನನ ಕೈ ಇದ್ದಿರಬಹುದು! ಆಟ ಮಾಡಿದವರು ಇಬ್ಬರಿಬ್ಬರ ತಂಡಕ್ಕೆ ಈ ಜೋಡಿಯನ್ನು ಆರಿಸಿದ್ದು ತುಂಬಾ ಸರಿ ಅನ್ನಿಸಿತು.

ಬುಲ್ಸ್ ಅಂದಾಗ ನೆನಪಾಯಿತು. ಆಟದಲ್ಲಿ ಬುಲ್ಸ್ ತಂಡಕ್ಕೆ ಸ್ಕಾಟಿ ಪಿಪೆನ್, ಹೊರೇಸ್ ಗ್ರಾಂಟ್ ಇದ್ದಾರೆ. ಆ ತಂಡದ ಅತಿ ಹೆಸರಾಂತ ಆಟಗಾರ ಮೈಕೆಲ್ ಜೋರ್ಡನ್ ಇಲ್ಲ. ಹಿಂದಿನ ವಠಾರದ ಹುಡುಗನೊಬ್ಬ ಜೋರ್ಡನ್ ಎಲ್ಲೋ ಅಡಗಿದ್ದಾನೆ, ಸರಿಯಾದ ಬಟನ್ ಒತ್ತಿದರೆ ಬರುತ್ತಾನೆ ಅಂತ ಆಣೆ ಮಾಡಿ ಹೇಳುತ್ತಿದ್ದ. ಜೋರ್ಡನ್ ತನ್ನ ಹೆಸರು, ಚಿತ್ರದ ಹಕ್ಕನ್ನು ತಾನೇ ಇಟ್ಟುಕೊಂಡಿದ್ದರಿಂದ ಆಟದಲ್ಲಿ ಸೇರಿಸಲು ಆಗಿರಲಿಲ್ಲ. ಇನ್ನೊಂದು ಸಂಗತಿ ಇನ್ನೂ ಸೊಗಸು. ಮಾರ್ಕ್ ಟರ್ಮೆಲ್ ಡೆಟ್ರಾಯ್ಟ್ ಪಿಸ್ಟನ್ಸ್ ಅಭಿಮಾನಿ. ಪಿಸ್ಟನ್ಸ್ ಎದುರು ಬಿಗಿಯಾದ ಪಂದ್ಯದ ಕೊನೆಯ ಕ್ಷಣದಲ್ಲಿ ಬುಲ್ಸ್ ಹೊಡೆದರೆ ಅದು ತಪ್ಪುವಂತೆ ಆರ್ಕೇಡ್ ಆಟದಲ್ಲಿ ಬರೆದಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ನನಗೆ ಇದು ಮೋಸ ಅನ್ನಿಸಲಿಲ್ಲ. ತನ್ನ ಊರಿನ ತಂಡವನ್ನು ಅಷ್ಟು ಪ್ರೀತಿಸುವವನು ಮಾಡಿದ ಆಟ ಅಂತ ಅದರ ಮೇಲಿನ ಅಕ್ಕರೆ ಹೆಚ್ಚಾಯಿತು.

ಆದರೆ ಆಟದ ಒಂದು ಗುಣ ನನಗೆ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಹಿಂದೆ ಬಿದ್ದವರಿಗೆ ಆಟವೇ ಕೈ ಹಿಡಿದು ಎತ್ತುತ್ತದೆ. ಹತ್ತು ಪಾಯಿಂಟ್ ಮುಂದಿದ್ದೇವೆ ಅಂತ ಸಮಾಧಾನವಾಗಿ ಕೂತರೆ ಮುಗಿಯಿತು. ಅವರು ಎಲ್ಲಿಂದ ಎಸೆದರೂ ಬೀಳುತ್ತದೆ, ನಮ್ಮದು ರಿಮ್ಮಿಗೆ ಬಡಿದು ಹೊರಗೆ. ಇಬ್ಬರು ಗೆಳೆಯರು ಆಡುವಾಗ ಇದು ಚೆಂದ, ಪಂದ್ಯ ಕೊನೆಯವರೆಗೂ ಬಿಗಿಯಾಗಿರುತ್ತದೆ. ಸವಾಲು ಇಟ್ಟುಕೊಂಡು ಒಬ್ಬಳೇ ಆಡುವಾಗ ಹೊಟ್ಟೆ ಉರಿಯುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ: ಮೊದಲ ಮೂರು ಕ್ವಾರ್ಟರ್‌ನಲ್ಲಿ ದೊಡ್ಡ ಅಂತರ ಮಾಡಲು ಹೋಗಬಾರದು. ನಾಲ್ಕಾರು ಪಾಯಿಂಟ್ ಮುಂದೆ ಇದ್ದರೆ ಸಾಕು. ಬೆಂಕಿಯನ್ನು ಕೊನೆಯ ಕ್ವಾರ್ಟರ್‌ಗೆ ಉಳಿಸಿಕೊಳ್ಳಬೇಕು. ಚೆಂಡು ಸಿಕ್ಕ ಮೇಲೆ ಎಸೆಯಲು ಇರುವ 24 ಸೆಕೆಂಡಿನ ಗಡುವು, ಶಾಟ್ ಕ್ಲಾಕ್, ಇದೆಯಲ್ಲ, ಕೊನೆಗೆ ಚೆಂಡು ನಮ್ಮ ಕೈಯಲ್ಲಿದ್ದರೆ ಅದು ಮುಗಿಯುತ್ತ ಬರುವವರೆಗೂ ಇಟ್ಟುಕೊಂಡು ಆಮೇಲೆ ಹೊಡೆಯಬೇಕು. ಕೊನೆಯ ಏಳೆಂಟು ತಂಡಗಳನ್ನು ನಾನು ದಾಟಿದ್ದು ಹೀಗೆಯೇ.

ಹೊಸದಾಗಿ ಶುರು ಮಾಡುವವರು ಮೊದಲ ದಿನದಿಂದಲೇ ಹಾರ್ಡ್‌ಕೋರ್ ಇಟ್ಟುಕೊಳ್ಳಿ. ಸಾಫ್ಟ್‌ಕೋರ್ ರೂಢಿಯಾದರೆ ಬೆರಳು ಸೋಮಾರಿಯಾಗುತ್ತದೆ. ಪ್ಯಾಡ್ ಒಳ್ಳೆಯದು ಕೊಳ್ಳಿ, ಕೀಬೋರ್ಡಿನಲ್ಲಿ ಟರ್ಬೋ ಒತ್ತಿ ಓರೆಯಾಗಿ ಓಡುವುದು ಆಗದ ಮಾತು. ದುರ್ಗದಬೈಲ್ ಸುತ್ತಮುತ್ತ ಹುಡುಕಿದರೆ ಯುಎಸ್‌ಬಿ ಪ್ಯಾಡ್ ಸಿಗುತ್ತವೆ. ಕೊಳ್ಳುವ ಮುಂಚೆ ನಾಲ್ಕು ದಿಕ್ಕಿನ ಬಟನ್ ಒತ್ತಿ ನೋಡಿ, ಸಡಿಲ ಇದ್ದರೆ ಬೇಡ. ಹಾಗೇ ಸಾಧ್ಯವಾದರೆ ಎರಡು ತಗೊಳ್ಳಿ. ಎರಡನೆಯದನ್ನು ಹಿಡಿಯಲು ಯಾರಾದರೂ ಸಿಕ್ಕೇ ಸಿಗುತ್ತಾರೆ. ನಮ್ಮ ಮನೆಯಲ್ಲಿ ಮಗಳು ಆಗಲೇ ಮಲೋನ್ ತನಗೆ ಬೇಕು ಅಂತ ಹಿಡಿದು ಕೂತಿದ್ದಾಳೆ, ಕೊಟ್ಟಿದ್ದೇನೆ.

ನಮ್ಮ ಪಟ್ಟಿಯಲ್ಲಿ ಒಂದೇ ಒಂದು ಬಾಕಿ ಇದೆ. ಬರೀ ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯಾಚೆಯಿಂದ ಎಸೆದು ಮೂರು ಪಾಯಿಂಟ್ ಗಳಿಸುವ ಹೊಡೆತ, ಹೊಡೆದು ಗೆಲ್ಲುವುದು. ಅದೂ ನ್ಯೂಯಾರ್ಕ್ ನಿಕ್ಸ್ ಎದುರು, ಯಾಕೆಂದರೆ ಪ್ಯಾಟ್ರಿಕ್ ಯುಯಿಂಗ್ ಬಂದವರನ್ನೆಲ್ಲ ಬ್ಲಾಕ್ ಮಾಡುತ್ತಾನೆ ಅಂತ ಅಣ್ಣನ ಹಟ. ಮೊನ್ನೆ ಎರಡು ಪಾಯಿಂಟ್‌ನಿಂದ ಸೋತೆ. ಬಲ ಮೂಲೆಯಿಂದ ಹೊಡೆಯುವುದಕ್ಕಿಂತ ನೇರ ಎದುರಿನಿಂದ ಹೊಡೆದರೆ ಸ್ಟಾಕ್ಟನ್‌ಗೆ ಜಾಸ್ತಿ ಬೀಳುತ್ತಿವೆ ಅನ್ನಿಸುತ್ತಿದೆ. ಶನಿವಾರ ಅರ್ಧ ದಿನ ಆಫೀಸು. ಮಧ್ಯಾಹ್ನದಿಂದ ಅದನ್ನೇ ನೋಡುವುದು.